ಗಿಟಾರಿನ ಅಡಿಯಲ್ಲಿ ಮೊರೆಯುತ್ತಿದ್ದ ಪೆಟ್ಟಿಗೆ

ಆಷಾಢದ ಗಾಳಿ ಇತ್ತು ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ. ಚಾಮರಾಜಪೇಟೆಯ ಆ ಹಳೇ ಮನೆಯ ಕಿಟಕಿಬಾಗಿಲು ಪಟಪಟ ಬಡಿದುಕೊಳ್ತಾ ಇತ್ತು. ಸಂದಿಗೆ ಮಡಿಚಿದ ಪೇಪರು ಸಿಕ್ಕಿಸಿ ಕೂತಿದ್ದೆವು. ನಾಲ್ಕು ಜನವೋ ಐದು ಜನವೋ, ಈಗ ಎಣಿಸಿದರೆ ಲೆಕ್ಕ ಹತ್ತೋದಿಲ್ಲ.

ಡೀಪ್ ಪರ್ಪಲ್ ರಾಕ್ ತಂಡದ ಜಾನ್ ಲಾರ್ಡ್ ಹೋದರು ಅಂತ ಹಿಂದಿನ ರಾತ್ರಿ ಸುದ್ದಿ ಬಂದಿತ್ತು. 2012ರ ಜುಲೈ ಅದು. ಲಂಡನ್ನಿನಲ್ಲಿ ತೀರಿಕೊಂಡಿದ್ದರು, 71 ವಯಸ್ಸು. ಕ್ಯಾನ್ಸರಿಗೆ ಚಿಕಿತ್ಸೆ ತಗೊಳ್ತಿದ್ದೀನಿ ಅಂತ ಹಿಂದಿನ ವರ್ಷ ಅವರೇ ತಿಳಿಸಿದ್ದರು, ಆದರೂ ಮನಸ್ಸು ಸಿದ್ಧವಾಗಿರಲಿಲ್ಲ. ಬೆಳಗ್ಗೆ ಗೆಳೆಯ ಫೋನು ಮಾಡಿ, "ಸಂಜೆ ಮನೆಗೆ ಬಾರೋ, ಕ್ಯಾಸೆಟ್ ಎಲ್ಲ ತಗೊಂಡು ಬಾ" ಅಂದ. ಅಷ್ಟೇ. ಯಾಕೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡೀಪ್ ಪರ್ಪಲ್ ಅಂದರೆ ಜನಕ್ಕೆ ನೆನಪಾಗೋದು 'ಸ್ಮೋಕ್ ಆನ್ ದ ವಾಟರ್'. ಗಿಟಾರ್ ಕೈಗೆ ಸಿಕ್ಕ ಹುಡುಗರೆಲ್ಲ ಮೊದಲು ಮೀಟೋದು ಅದನ್ನೇ. ಕಾಲೇಜಿನ ದಿನಗಳಲ್ಲಿ ನಮಗೂ ಅದು ಬರೀ ಗಿಟಾರಿನ ಹಾಡು. ಕಿವಿ ತೆರೆಸಿದ್ದು ಈ ಚಾಮರಾಜಪೇಟೆಯ ಗೆಳೆಯ. ಯಾರದೋ ಎಲ್‌ಪಿಯಿಂದ ತುಂಬಿಸಿಕೊಂಡ ಕ್ಯಾಸೆಟ್ ಹಾಕಿ, "ಮೊದಲ ಸುತ್ತು ಗಿಟಾರ್ ಒಂದೇ. ಈಗ ಕೇಳು, ಅಡಿಯಲ್ಲಿ ಇನ್ನೊಂದು ಬಂತು" ಅಂದಿದ್ದ. ಬಂತು ನಿಜ. ಅದೇ ಸ್ವರಗಳು, ಆದರೆ ದಪ್ಪಗೆ, ಗಂಟಲು ಕಟ್ಟಿದ ಹುಲಿ ಮೊರೆದ ಹಾಗೆ. ಅದೂ ಗಿಟಾರೇ ಅಂದುಕೊಂಡಿದ್ದೆ ನಾನು. "ಅಲ್ಲ ಕಣೋ, ಅದು ಲಾರ್ಡ್ ನುಡಿಸೋ ಹ್ಯಾಮಂಡ್ ಆರ್ಗನ್ನು" ಅಂದ. ಅವತ್ತಿನಿಂದ ಆ ಹಾಡಿನಲ್ಲಿ ನನಗೆ ಮೊದಲು ಕೇಳೋದು ಆ ಅಡಿಯ ಸದ್ದೇ.

ಅವನಿಗೆ ಅದು ಗೊತ್ತಾಗೋದಕ್ಕೆ ಕಾರಣ ಇತ್ತು. ಅವನ ತಾತ ಕಂಪನಿ ನಾಟಕದಲ್ಲಿ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದವರು. ರಂಗಗೀತೆಯಲ್ಲಿ ಚಪ್ಪಾಳೆ ನಟನಿಗೆ, ಉಸಿರು ಹಿಡಿದು ಕಾಲು ತುಳಿಯುವ ಕೆಲಸ ತಾತನಿಗೆ. ಹಾಗಾಗಿ ಯಾವ ಹಾಡಾದರೂ ಹಿಂದೆ ಕೂತವರು ಏನು ಮಾಡ್ತಿದ್ದಾರೆ ಅಂತ ಕಿವಿಗೊಡೋದು ಆ ಮನೆಯ ಅಭ್ಯಾಸ. ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೂ ಅವನಿಗೆ ಯಂತ್ರ ಬಿಚ್ಚಿ ನೋಡುವ ಹುಚ್ಚು. ಹ್ಯಾಮಂಡ್ ಒಳಗೆ ತಿದಿಯೂ ಇಲ್ಲ, ಗಾಳಿಯೂ ಇಲ್ಲ. ಮೋಟಾರು ತಿರುಗಿಸುವ ಹಲ್ಲುಚಕ್ರಗಳು ತೊಂಬತ್ತೊಂದು, ಒಂದೊಂದರ ಪಕ್ಕ ಒಂದೊಂದು ಅಯಸ್ಕಾಂತ, ಆ ಚಕ್ರಗಳು ತಿರುಗೋದರಲ್ಲೇ ಸ್ವರ ಹುಟ್ಟೋದು ಅಂತ ಬೆರಳಲ್ಲಿ ಗಾಳಿಯಲ್ಲಿ ಚಕ್ರ ತಿರುಗಿಸಿ ತೋರಿಸುತ್ತಿದ್ದ. ಚರ್ಚುಗಳಲ್ಲಿ ಭಕ್ತಿಗೀತೆಗೆ ಇಟ್ಟುಕೊಳ್ಳುತ್ತಿದ್ದ ವಾದ್ಯ. ಲಾರ್ಡ್ ಅದನ್ನು ತಂದು ಗಿಟಾರಿನವರ ಮಾರ್ಷಲ್ ಆಂಪ್ಲಿಫಯರಿಗೆ ಜೋಡಿಸಿಬಿಟ್ಟರು. ಆ ಹುಲಿ ಹುಟ್ಟಿದ್ದು ಅಲ್ಲಿ.

2001ರಲ್ಲಿ ಅರಮನೆ ಮೈದಾನಕ್ಕೆ ಡೀಪ್ ಪರ್ಪಲ್ ಬಂದಾಗ ನಾವೆಲ್ಲ ಹೋಗಿದ್ದೆವು. ಬೇಸಗೆಯ ಸಂಜೆ, ಧೂಳು, ಕಾಲಡಿಯಲ್ಲಿ ಕಡಲೆಕಾಯಿ ಸಿಪ್ಪೆ. ಯಾವ ಹಾಡಾದ ಮೇಲೆ ಯಾವುದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ದೂರದಲ್ಲಿ ನರೆಗೂದಲನ್ನು ಹಿಂದಕ್ಕೆ ಕಟ್ಟಿದ ಒಂದು ತಲೆ ಆರ್ಗನ್ನಿನ ಮೇಲೆ ಬಾಗಿದ್ದು, ಅಷ್ಟು ಮಾತ್ರ ಕಣ್ಣಲ್ಲಿದೆ. ಅವರು ಆರ್ಗನ್ನನ್ನೇ ಹಿಡಿದು ಅಲುಗಾಡಿಸಿದರು ಅಂತ ನಮ್ಮಲ್ಲೊಬ್ಬ ಇವತ್ತಿಗೂ ಆಣೆ ಇಡುತ್ತಾನೆ. ಇರಬಹುದು. ಅಷ್ಟು ದೂರಕ್ಕೆ ನನಗಂತೂ ಕಾಣಲಿಲ್ಲ. ಮರುವರ್ಷ ಲಾರ್ಡ್ ತಂಡ ಬಿಟ್ಟರು.

ಮಾತು ಎಲ್ಲಿಗೋ ಹೋಯಿತು. ಚಾಮರಾಜಪೇಟೆಗೆ ಬರೋಣ.

ಗೆಳೆಯನ ಅಮ್ಮ ಮೆಣಸಿನಕಾಯಿ ಬಜ್ಜಿ ಕರೀತಿದ್ದರು. ಹಿಟ್ಟಿಗೆ ಓಂಕಾಳು ಉಜ್ಜಿ ಹಾಕಿದ ಘಮ ಜಗಲಿಯವರೆಗೂ ಬಂದಿತ್ತು. ಮೊದಲ ತಟ್ಟೆ ತಂದಿಟ್ಟು, "ಯಾರಪ್ಪ ಹೋದದ್ದು?" ಅಂದರು.

"ಹಾರ್ಮೋನಿಯಂ ಥರದ್ದು ನುಡಿಸೋರಮ್ಮ, ಇಂಗ್ಲೆಂಡಿನವರು."

"ವಯಸ್ಸಾಗಿತ್ತಾ?"

"ಎಪ್ಪತ್ತೊಂದು."

"ಮಕ್ಕಳು?"

"ಇಬ್ಬರು ಹೆಣ್ಣುಮಕ್ಕಳು."

"ಪಾಪ" ಅಂದು ಒಂದು ಗಳಿಗೆ ನಿಂತರು. ಒಳಗಿಂದ ಎಣ್ಣೆ ಕಾದ ಸದ್ದು ಬಂತು, ಹೋದರು.

ಗೆಳೆಯ ಆಮೇಲೆ ಲಾರ್ಡ್ ಬರೆದ ಕನ್ಸರ್ಟೋದ ಕಥೆ ತೆಗೆದ. 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಕ್ ತಂಡವನ್ನೂ ದೊಡ್ಡ ಆರ್ಕೆಸ್ಟ್ರಾವನ್ನೂ ಒಂದೇ ವೇದಿಕೆಗೆ ಹತ್ತಿಸಿದ್ದರು. ಮರುವರ್ಷವೇ ಅದರ ಸ್ವರಲಿಪಿ ಕಳೆದುಹೋಯಿತು. ಎಷ್ಟೋ ವರ್ಷ ಆದಮೇಲೆ ಮಾರ್ಕೊ ಡಿ ಗೂಯಿ ಅಂತ ಹಾಲೆಂಡಿನ ಸಂಗೀತಗಾರ ರೆಕಾರ್ಡನ್ನು ಕೇಳಿ ಕೇಳಿ, ವಿಡಿಯೊ ನೋಡಿ ನೋಡಿ ಅದನ್ನು ಮತ್ತೆ ಬರೆದ. 1999ರಲ್ಲಿ ಅದೇ ಸಭಾಂಗಣದಲ್ಲಿ ಅದು ಮತ್ತೆ ನಡೆಯಿತು, ಲಾರ್ಡ್ ತಾವೇ ನುಡಿಸಿದರು.

ಅಷ್ಟು ಹೇಳಿ ಗೆಳೆಯ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ತಾತನ ರಂಗಗೀತೆ ಪುಸ್ತಕವೂ ಕಳೆದುಹೋಯ್ತು ಕಣೋ. ಕೇಳಿ ಬರೆಯೋದಕ್ಕೆ ಅವರ ರೆಕಾರ್ಡೇ ಇರಲಿಲ್ಲ" ಅಂದ. ಯಾರೂ ಮಾತಾಡಲಿಲ್ಲ.

ಆಮೇಲೆ 'ಚೈಲ್ಡ್ ಇನ್ ಟೈಮ್' ಹಾಕಿದೆವು. ಹತ್ತು ನಿಮಿಷದ ಹಾಡು, 1970ರದು. ಶುರುವಿನಲ್ಲಿ ಆರ್ಗನ್ನು ಯಾರನ್ನೂ ಎಬ್ಬಿಸಬಾರದು ಅನ್ನೋ ಹಾಗೆ ಮೆಲ್ಲಗೆ ಹೆಜ್ಜೆ ಇಡುತ್ತೆ. ಸ್ಯಾನ್‌ಫ್ರಾನ್ಸಿಸ್ಕೊದ ಒಂದು ತಂಡದ 'ಬಾಂಬೆ ಕಾಲಿಂಗ್' ಅನ್ನೋ ವಾದನದಿಂದ ಆ ಎಳೆ ತಗೊಂಡದ್ದು ಅಂತ ಡೀಪ್ ಪರ್ಪಲ್‌ನವರೇ ಒಪ್ಪಿಕೊಂಡಿದ್ದಾರೆ. ಹಾಡು ಇನ್ನೇನು ಏರಬೇಕು, ಕರೆಂಟ್ ಹೋಯಿತು. ಟೇಪು ಮಂದವಾಗಿ ಎಳೆದುಕೊಂಡು ನಿಂತಿತು. ಹೊರಗೆ ಮಳೆ.

ಗೆಳೆಯ ಕತ್ತಲಲ್ಲೇ ಎದ್ದು ಒಳಗೆ ಹೋದ. ಬರುವಾಗ ಎರಡೂ ಕೈಲಿ ತಾತನ ಕೈಪೆಟ್ಟಿಗೆ. ಲೆಗ್ ಹಾರ್ಮೋನಿಯಂ ಮಾರಿಹೋಗಿತ್ತು, ಮನೆಯಲ್ಲಿ ಉಳಿದದ್ದು ಇದೊಂದೇ. ತಿದಿ ಒತ್ತಿದ್ದೇ ತಡ, ಯಾವ ಸ್ವರದ ಮನೆಯನ್ನೂ ಮುಟ್ಟದೆ ಒಂದು ಸ್ವರ ತಾನಾಗಿ ಕೂಗತೊಡಗಿತು. ಒಳಗೆ ಎಲ್ಲೋ ಒಂದು ಮನೆ ಸಿಕ್ಕಿಕೊಂಡಿತ್ತು. "ಇರಲಿ ಬಿಡು, ಶ್ರುತಿಗಾಯ್ತು" ಅಂದು, ಅದರ ಮೇಲೆ ಅದೇ ಮೆಲುಹೆಜ್ಜೆಯನ್ನು ಹುಡುಕಿ ಹುಡುಕಿ ನುಡಿಸಿದ. ಎರಡು ಕಡೆ ತಪ್ಪಿದ, ಹಿಂದಕ್ಕೆ ಹೋಗಿ ಸರಿಮಾಡಿಕೊಂಡ. ಅಮ್ಮ ಚಿಮಣಿ ದೀಪ ಹಿಡಿದು ಬಂದು ಬಾಗಿಲಲ್ಲೇ ನಿಂತರು. ಮಾವನ ಪೆಟ್ಟಿಗೆಯ ಸದ್ದು ಆ ಮನೆಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ.

ಎಷ್ಟು ಹೊತ್ತು ನುಡಿಸಿದನೋ ಹೇಳಲಾರೆ. ಕರೆಂಟ್ ಬಂದಾಗ ಟೇಪು ಗೊರಗೊರ ಅಂತ ಎದ್ದು, ನಿಧಾನಕ್ಕೆ ಸ್ವರಕ್ಕೆ ಏರಿ, ಬಿಟ್ಟಲ್ಲಿಂದಲೇ ಹಾಡತೊಡಗಿತು. ಎರಡರ ಶ್ರುತಿ ಕೂಡಲಿಲ್ಲ. ಆದರೂ ಗೆಳೆಯ ತಿದಿಯಿಂದ ಕೈ ತೆಗೆಯಲಿಲ್ಲ, ನಾವು ತೆಗೆ ಅನ್ನಲೂ ಇಲ್ಲ. ಅಮ್ಮ ದೀಪ ಆರಿಸಿ, ತಟ್ಟೆಯಲ್ಲಿ ಉಳಿದಿದ್ದ ಬಜ್ಜಿಯನ್ನು ಅವನ ಕಡೆ ಸರಿಸಿಟ್ಟರು.