ಕತ್ತರಿ ತರುವ ಚಳಿಗಾಲ

ಪುಣೆಯ ಹಡಪ್ಸರದ ಗದ್ದಲ ದಾಟಿ ಸೊಲ್ಲಾಪುರ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಮಾಂಜರಿ. 1997ರಲ್ಲಿ ಶುರುವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ಪೂಸಾ ನವರಂಗ್, ಫ್ಲೇಮ್ ಸೀಡ್‌ಲೆಸ್ ಎರಡನ್ನೂ ಕೂಡಿಸಿ ಇಲ್ಲಿನವರು ಪಡೆದ ತಳಿ ‘ಮಾಂಜರಿ ಮೆಡಿಕಾ’. ಹಣ್ಣು ಹಿಚುಕಿದರೆ ಬೆರಳೆಲ್ಲ ಕೆಂಪು! ಕಪ್ಪು ದ್ರಾಕ್ಷಿಯ ಬಣ್ಣ ಸಾಮಾನ್ಯವಾಗಿ ಸಿಪ್ಪೆಯಲ್ಲೇ ನಿಲ್ಲುತ್ತದೆ. ಕೆಂಪು ವೈನ್ ಮಾಡುವವರು ಸಿಪ್ಪೆಯನ್ನು ರಸದಲ್ಲೇ ನೆನೆಹಾಕುವುದು ಅದಕ್ಕೇ. ಮಾಂಜರಿ ಮೆಡಿಕಾಗೋ ಬೀಟ್‌ರೂಟಿನ ಹಾಗೆ ಒಳಗೂ ಕೆಂಪು.

ಬಣ್ಣದ ಮಾತು ಬಿಟ್ಟು ಚಳಿಯ ಮಾತಿಗೆ ಬಂದರೆ, ಅಮೆರಿಕದ ಮಿನ್ನೆಸೋಟದಲ್ಲಿ ‘ಫ್ರಾಂಟನಾಕ್’ ಎಂಬ ಕೆಂಪು ವೈನ್ ತಳಿಯಿದೆ. ಕಾಡುಬಳ್ಳಿಯ ರಕ್ತ ಬೆರೆತ ಅದು ಮೈನಸ್ 30 ಡಿಗ್ರಿಯಲ್ಲೂ ಬದುಕುತ್ತದೆ. ಪುಣೆಯಲ್ಲಿ ಅಂಥ ಚಳಿ ಎಲ್ಲಿಯದು? ಬಳ್ಳಿಗೆ ಇಲ್ಲಿ ನಿದ್ದೆಯೇ ಇಲ್ಲ. ಹಾಗಾಗಿ ಚಳಿಗಾಲದ ಕೆಲಸವನ್ನು ಕತ್ತರಿಯೇ ಮಾಡಬೇಕು. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಸವರುವಿಕೆ), ಕಡ್ಡಿ ಬಲಿಯಲಿಕ್ಕೆ. ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣಿಗೆ. ನಮ್ಮ ವಿಜಯಪುರದ ತೋಟಗಳಲ್ಲೂ ಇದೇ ಪಂಚಾಂಗ. ಮಂಜು ಬೀಳದ ನಾಡಿನಲ್ಲಿ ಮನುಷ್ಯನೇ ಋತು ಬದಲಿಸುತ್ತಾನೆ ಎಂಬುದು ನನಗೆ ವೈನಿಗಿಂತ ಹೆಚ್ಚು ಅಮಲಿನ ಸಂಗತಿ.

ಇಲ್ಲಿನ ಶತ್ರು ಚಳಿಯಲ್ಲ, ತೇವ. ಹಣ್ಣಿನ ಚಾಟ್ನಿಯಾದ ಮೇಲೆ ಹಿಂಗಾರು ಹಿಡಿದರೆ ದಾವಣಿ (ಡೌನಿ ಮಿಲ್ಡ್ಯೂ) ರೋಗ ಎಳೆಯ ಗೊಂಚಲನ್ನೇ ತಿಂದುಬಿಡುತ್ತದೆ. ಅದಕ್ಕೆ ಉತ್ತರ ಹುಡುಕಿದ್ದು ಊರೊಳಗಿನ ಆಘಾರ್ಕರ್ ಸಂಶೋಧನಾ ಸಂಸ್ಥೆ. ಅಮೆರಿಕದ ಕಟಾಬಾ ಮತ್ತು ಯುರೋಪಿನ ಕುಲದ ಬ್ಯೂಟಿ ಸೀಡ್‌ಲೆಸ್ ಸೇರಿಸಿ ಅವರು ರೂಪಿಸಿದ ‘ಎಆರ್‌ಐ–516’ ಶಿಲೀಂಧ್ರ ರೋಗಗಳನ್ನು ತಡೆದುಕೊಳ್ಳುತ್ತದೆ, 110–120 ದಿನಕ್ಕೆ ಮಾಗುತ್ತದೆ. ರಸ, ಜಾಮ್, ಒಣದ್ರಾಕ್ಷಿ, ಕೆಂಪು ವೈನ್ ಎಲ್ಲಕ್ಕೂ ಆಗಿಬರುತ್ತದೆ.

ಕಟಾಬಾದ ಪೂರ್ವಕಥೆ ವಿಚಿತ್ರ. 19ನೇ ಶತಮಾನದ ನಡುವೆ ನಿಕೊಲಾಸ್ ಲಾಂಗ್‌ವರ್ತ್ ಎಂಬ ಸಿರಿವಂತ ಸಿನ್ಸಿನಾಟಿಯ ಗುಡ್ಡಗಳಲ್ಲಿ ಅದನ್ನು ಬೆಳೆಸಿ, ನೊರೆಯುಕ್ಕುವ ವೈನ್ ಮಾಡಿ ಹೆಸರಾದ. ಆ ತೋಟಗಳನ್ನು ಕೊನೆಗೆ ಮುಗಿಸಿದ್ದು ಶಿಲೀಂಧ್ರವೇ! ತಾಯಿಬಳ್ಳಿ ಓಹಾಯೊ ನದಿಯ ದಂಡೆಯಲ್ಲಿ ಸೋತ ಯುದ್ಧಕ್ಕೆ ಮಗಳು ಪುಣೆಯ ಮಣ್ಣಿನಲ್ಲಿ ಎದೆಗೊಟ್ಟಿದ್ದಾಳೆ. ಕಟಾಬಾ ಕುಲದ ಗಾಢ ಘಮ ಬೇಕೆಂದರೆ ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರದ ಸಂತೆಯಲ್ಲಿ ಬೆಂಗಳೂರು ಬ್ಲೂ ಬುಟ್ಟಿಯ ಬಳಿ ನಿಂತರೆ ಸಾಕು, ಅದರಲ್ಲಿರುವುದೂ ಅದೇ ಅಮೆರಿಕದ ಲಬ್ರುಸ್ಕಾ ಕಾಡುಬಳ್ಳಿಯ ವಂಶವೇ.