ಚರಗಿಯ ತಗ್ಗು

ತೈಲಚಿತ್ರಕ್ಕೆ ಬೇಕಾದ ಎಣ್ಣೆ ನಮ್ಮ ಎರೆಹೊಲದಲ್ಲೇ ಬೆಳೆಯುತ್ತದೆ ಎಂಬುದು ನನಗೆ ಇವತ್ತಿಗೂ ಹಿಗ್ಗಿನ ಸಂಗತಿ. ಚಿತ್ತಾಪುರ, ಸೇಡಂ ಕಡೆ ಹಿಂಗಾರಿ ಜೋಳದ ಜೊತೆಗೆ ಅಗಸಿ, ಕುಸುಬಿ ಬಿತ್ತುವುದುಂಟು. ಅಗಸಿ ಹಿಂಡಿ ರೊಟ್ಟಿಗೆ, ಕುಸುಬಿ ಎಣ್ಣೆ ಒಗ್ಗರಣೆಗೆ. ಟ್ಯೂಬಿನ ಬಣ್ಣವನ್ನು ಹೆಚ್ಚಾಗಿ ಅರೆಯುವುದೂ ಈ ಎರಡು ಎಣ್ಣೆಗಳಲ್ಲೇ. ಅಡುಗೆಯ ಎಣ್ಣೆ ಹಾಗೇ ಸಲ್ಲದು, ಬಣ್ಣಕ್ಕೆಂದು ಶುದ್ಧ ಮಾಡಿರಬೇಕು. ಆದರೂ ಮುಚ್ಚಳ ತೆಗೆದರೆ ನನ್ನ ಮೂಗಿಗೆ ಮೊದಲು ಹೊಳೆಯುವುದು ಅವ್ವನ ಅಡುಗೆಮನೆ.

ಶೇಂಗಾ ಎಣ್ಣೆಯಲ್ಲಿ ಚಿತ್ರ ಬರೆಯಲಾಗದು, ಅದು ಒಣಗುವುದೇ ಇಲ್ಲ. ಅಗಸಿ ಎಣ್ಣೆ ಹಾಗಲ್ಲ. ಅದು ಆವಿಯಾಗಿ ಹೋಗದೆ, ಗಾಳಿಯ ಆಮ್ಲಜನಕ ಹೀರಿ ಇದ್ದಲ್ಲೇ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದ ಹಾಗಾಗಲು ದಿನಗಟ್ಟಲೆ ಹಿಡಿಯುತ್ತದೆ. ಈ ನಿಧಾನಕ್ಕೇ ನಾನು ಒಲಿದದ್ದು. ಕುಂಚ ಕೆಳಗಿಟ್ಟು ಕಾಯುವಾಗ ವಸ್ತು ಎದುರಿಗೇ ಕೂತಿರುತ್ತದೆ, ಮರೆತದ್ದು ಒಂದೊಂದಾಗಿ ಬರತೊಡಗುತ್ತದೆ.

ಕಲಬುರಗಿಯ ಎಸ್. ಎಂ. ಪಂಡಿತರು (1916–1993) ಬರೆದ ದೇವದೇವತೆಯರು ಕ್ಯಾಲೆಂಡರುಗಳಾಗಿ ಎಷ್ಟೋ ಮನೆಗಳ ಗೋಡೆ ಸೇರಿದರು. ಅವರ ಕಿರೀಟ, ಕುಂಡಲಗಳ ಮಿಂಚು ನೋಡಿಯೇ ಲೋಹವನ್ನು ಬರೆಯುವ ಆಸೆ ನನಗೆ ಹತ್ತಿದ್ದು. ಆದರೆ ನನ್ನ ಕಣ್ಣು ನಿಂತದ್ದು ಕ್ಯಾಲೆಂಡರಿನ ಕೆಳಗೆ, ಮಾಡದಲ್ಲಿದ್ದ ಹಿತ್ತಾಳೆ ಚರಗಿಯ ಮೇಲೆ. ಇಟಲಿಯ ಬೊಲೋನ್ಯಾದಲ್ಲಿ ಜಾರ್ಜೊ ಮೊರಾಂಡಿ (1890–1964) ಕೆಲವೇ ಬಾಟಲಿ, ಹೂಜಿಗಳನ್ನು ಮತ್ತೆ ಮತ್ತೆ ಜೋಡಿಸಿ ದಶಕಗಳ ಕಾಲ ಬರೆದರು. ಆ ಹಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಬರೀ ಹಳದಿ ಬಳಿದರೆ ಚರಗಿ ಹಿತ್ತಾಳೆಯಾಗದು. ಹಿತ್ತಾಳೆ ಸುತ್ತಲಿನದನ್ನೆಲ್ಲ ಮೈಮೇಲೆ ಎಳೆದುಕೊಂಡಿರುತ್ತದೆ: ಬುಡದಲ್ಲಿ ಶಹಾಬಾದ್ ಫರಸಿಯ ಬೂದು, ಹೊಟ್ಟೆಯ ಮೇಲೆ ಬಾಗಿಲಿನ ಬಿಸಿಲು, ಕಂಠದ ಕೆಳಗೆ ಸುಣ್ಣದ ಗೋಡೆ. ಫರಸಿಗೆ ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಮತ್ತು ಬಿಳಿ ಬೆರೆಸುತ್ತೇನೆ. ಮೊದಲ ಪದರ ಟರ್ಪೆಂಟೈನಿನಲ್ಲಿ ತೆಳ್ಳಗೆ, ಮೇಲುಮೇಲಕ್ಕೆ ಎಣ್ಣೆ ಹೆಚ್ಚು. ಈ ಕ್ರಮ ತಿರುಗಿದರೆ, ಮೇಲಿನದು ಮೊದಲೇ ಒಣಗಿ, ಕೆಳಗಿನದು ಒಣಗುವಾಗ ಚಿತ್ರ ಬಿರಿಯುತ್ತದೆ.

ಚರಗಿಯ ಪಕ್ಕೆಯಲ್ಲೊಂದು ತಗ್ಗಿದೆ. ದಿನಾ ಕೈಗೆ ಸಿಗುತ್ತಿದ್ದುದನ್ನು ಬೆಳಕು ನೆರಳಾಗಿ ಬಿಡಿಸಿದಾಗಲೇ ನಾನು ಸರಿಯಾಗಿ ಕಂಡದ್ದು. ಅರ್ಧ ಒಣಗಿದ ಕ್ಯಾನ್ವಾಸಿನ ಮುಂದೆ ಅವ್ವ ಬಂದು ನಿಂತಳು.

"ಈ ತಗ್ಗ ಎಪ್ಪತ್ತೆರಡರ ಬರದಾಗ ಬಿದ್ದದ್ದು. ನಿಮ್ಮ ಮುತ್ಯಾ ಬಾವಿಗಿ ಇಳಿಬಿಟ್ಟಿದ್ದರು. ನೀರ ಎಲ್ಲಿತ್ತು? ಕಲ್ಲಿಗಿ ಬಡೀತು."

ಅದುವರೆಗೆ ಆ ಬರದ ಮಾತನ್ನು ಅವಳು ನಮ್ಮೆದುರು ಎತ್ತಿದ್ದೇ ಇಲ್ಲ. ಆಮೇಲೆ ಊರ ದನಗಳು ಏನಾದವು, ಯಾರ ಮನೆಯಲ್ಲಿ ಎಷ್ಟು ಜೋಳ ಉಳಿದಿತ್ತು ಎಂಬುದೆಲ್ಲ ಆ ತಗ್ಗಿನಿಂದಲೇ ಹೊರಬಂತು.

ದಿನಬಳಕೆಯ ವಸ್ತುವಿನಿಂದ ಹಳೆಯ ಮಾತು ಹೊರಬರುವುದು ನಮ್ಮ ಸನ್ನತಿಯಲ್ಲಿ ಅಚ್ಚರಿಯಾಗಬಾರದು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಅಲ್ಲಿಯವರೆಗೆ ಅದು ದೇವಿಯ ಭಾರ ಹೊತ್ತ ಒಂದು ಕಲ್ಲು, ಅಷ್ಟೆ. ಬಳಕೆಯಲ್ಲಿರುವ ವಸ್ತುವನ್ನು ನಾವು ಓದುವುದಿಲ್ಲ. ಚಿತ್ರಕ್ಕೆ ಕೂಡಿಸಲು ಅದನ್ನು ಕೆಲಸದಿಂದ ಬಿಡಿಸಬೇಕಾಗುತ್ತದೆ, ಓದು ಅಲ್ಲಿಂದ ಶುರು.

ಈಗ ರೊಟ್ಟಿ ಹಂಚು ಕೂಡಿಸಿದ್ದೇನೆ. ಅದರ ಕಪ್ಪಿಗೆ ಟ್ಯೂಬಿನ ಕಪ್ಪು ಬೇಡ. ಬರ್ಂಟ್ ಅಂಬರ್ ಮತ್ತು ನೀಲಿ ಸೇರಿದರೆ ಒಲೆಯ ಕಪ್ಪು ತಾನಾಗಿ ಬರುತ್ತದೆ, ಅಂಬರಿನ ಮ್ಯಾಂಗನೀಸ್‌ನಿಂದ ಬೇಗ ಒಣಗುತ್ತದೆ ಕೂಡ. ಅಂಚಿಗೆ ಹತ್ತಿದ ಬೂದಿಗೆ ಕುಸುಬಿ ಎಣ್ಣೆಯಲ್ಲಿ ಅರೆದ ಬಿಳಿ ತೆಗೆದಿಟ್ಟಿದ್ದೇನೆ. ಅದು ಅಗಸಿ ಎಣ್ಣೆಯದರಷ್ಟು ಹಳದಿಗಟ್ಟುವುದಿಲ್ಲ. ಹಂಚು ಯಾರ ಕಾಲದ್ದೆಂದು ಅವ್ವನನ್ನು ಇನ್ನೂ ಕೇಳಿಲ್ಲ. ಮೊದಲ ಪದರ ಒಣಗಲಿ.