ಆಸೆಯ ಊರಲ್ಲೊಂದು ಹೆಸರಿಲ್ಲದ ಗೋಡೆ

ಮರ್ಲಾನ್ ಬ್ರಾಂಡೋ ಹೆಸರು ಕೇಳದ ಸಿನಿಮಾ ಹುಚ್ಚರುಂಟೇ? ‘ಗಾಡ್‌ಫಾದರ್’ನಲ್ಲಿ ಪಿಸುಗುಟ್ಟಿದ ಮುದುಕ ಅಲ್ಲ ಸ್ವಾಮಿ, 1951ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಚಿತ್ರದಲ್ಲಿ ಹರಿದ ಬನಿಯನ್ ತೊಟ್ಟು, ಮೆಟ್ಟಿಲ ಕೆಳಗೆ ನಿಂತು, ಹೆಂಡತಿಯ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದ ಆ ಹುರಿಯಾಳು! ಆ ಕಥೆ ನಡೆಯೋದು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿ. ‘ಡಿಸೈರ್’ ಅಂದರೆ ಆಸೆ. ಆ ಹೆಸರಿನ ಟ್ರಾಮ್ ಅಲ್ಲಿ ನಿಜಕ್ಕೂ ಓಡುತ್ತಿತ್ತು. 1948ರಲ್ಲಿ ಅದನ್ನು ನಿಲ್ಲಿಸಿ ಬಸ್ಸು ಹಾಕಿದರು.

ಟ್ರಾಮ್ ಹೋಯಿತು, ಆಸೆ ಎಲ್ಲಿಗೆ ಹೋದೀತು? 2011ರಲ್ಲಿ ಅದೇ ಊರಿನ ಒಂದು ಗೋಡೆ ಮೇಲೆ ಬಂದು ಕೂತಿತು. ಬನ್ನಿ, ಟಿಕೆಟ್ ಖರ್ಚಿಲ್ಲದೆ ನೋಡಿಕೊಂಡು ಬರೋಣ. ಫೋಟೋ, ಬರಹಗಳನ್ನು ಹಿಡಿದು ನಾನೂ ಹಾಗೆಯೇ ಹೋಗಿಬಂದವನು.

ಮಿಸಿಸಿಪ್ಪಿ ನದಿ ದಡದ ಊರು. ಜಾಝ್ ಸಂಗೀತದ ತವರು. 2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತ ಬಡಿದು, ಕಟ್ಟೆಗಳೊಡೆದು, ಊರಿನ ನೂರಕ್ಕೆ 80 ಪಾಲು ಮುಳುಗಿತು. ಆಮೇಲೆ ಬೀದಿಬೀದಿಯಲ್ಲೂ ಪಾಳು ಮನೆಗಳು. ಮಾರಿನಿ ಬಡಾವಣೆಯಲ್ಲಿ ಅಂಥದೊಂದು ಮನೆಯ ಹತ್ತಿರವೇ ಇದ್ದವರು ಕ್ಯಾಂಡಿ ಚಾಂಗ್ ಎಂಬ ಕಲಾವಿದೆ. ತಾಯಿಯಂತಿದ್ದ ಒಬ್ಬರು ದಿಢೀರನೆ ತೀರಿಕೊಂಡ ಸಂಕಟ ಅವರ ಎದೆಯಲ್ಲಿತ್ತು. ಆ ಮನೆಯ ಗೋಡೆಗೆ ಸ್ಕೂಲಿನ ಕರಿಹಲಗೆಯ ಬಣ್ಣ ಬಳಿದರು. ‘ಸಾಯುವ ಮೊದಲು ನನಗೆ...’ ಅಂತ ಸಾಲುಸಾಲಾಗಿ ಅಚ್ಚು ಹಾಕಿ, ಮುಂದೆ ಖಾಲಿ ಬಿಟ್ಟರು. ಪಕ್ಕದಲ್ಲಿ ಸೀಮೆಸುಣ್ಣ ಇಟ್ಟರು. ಅಷ್ಟೇ.

ಮರುದಿನ ಗೋಡೆ ಹೌಸ್‌ಫುಲ್!

ಕಡಲ್ಗಳ್ಳನ ವೇಷದಲ್ಲಿ ಬಂದವನೊಬ್ಬ, ಕಡಲ್ಗಳ್ಳತನಕ್ಕೆ ತನ್ನ ಮೇಲೆ ಕೇಸು ನಡೆಯಬೇಕು ಅಂತ ಬರೆದ. ಒಬ್ಬರಿಗೆ ಲಕ್ಷಾಂತರ ಜನರೆದುರು ಹಾಡುವ ಆಸೆ. ಇನ್ನೊಬ್ಬರಿಗೆ ಅವಳನ್ನು ಇನ್ನೊಂದೇ ಒಂದು ಸಲ ಅಪ್ಪಿಕೊಳ್ಳುವ ಆಸೆ. ಯಾರವಳು? ದೂರಾದಳೋ, ತೀರಿಹೋದಳೋ? ಗೋಡೆ ಹೇಳೋದಿಲ್ಲ. ಬರೆದವರ ಹೆಸರೂ ಇಲ್ಲ.

ಮರುವರ್ಷ, 2012ರಲ್ಲಿ, ಚಾಂಗ್ ಜೂಜಿನ ನಗರ ಲಾಸ್ ವೇಗಸ್‌ನ ಒಂದು ದೊಡ್ಡ ಹೋಟೆಲಿನೊಳಗೆ ಪರದೆ ಬಿಟ್ಟ ಗೂಡುಗಳನ್ನು ಕಟ್ಟಿಸಿದರು. ಒಳಗೆ ಹೋಗಿ, ಯಾರಿಗೂ ಹೇಳದ ಮಾತನ್ನು ಮರದ ಹಲಗೆ ಮೇಲೆ ಬರೆದು ಬರೋದು. ಆ ಹಲಗೆಗಳನ್ನೇ ಗೋಡೆಗೆ ತೂಗುಹಾಕಿದರು. ಒಂದೂವರೆ ಸಾವಿರಕ್ಕೂ ಮೀರಿ ಬಂದವು! ಓದುತ್ತಾ ನಿಂತವರಿಗೆ, ಅರೆ, ಇದು ನನ್ನದೇ ಅಲ್ಲವೇ ಅನ್ನಿಸದೆ ಇದ್ದೀತೇ?

ಮೊದಲ ಗೋಡೆ ಈಗಿಲ್ಲ. ಆದರೆ ಅಂಥವು 75ಕ್ಕೂ ಹೆಚ್ಚು ದೇಶಗಳಲ್ಲಿ 5000ಕ್ಕೂ ಹೆಚ್ಚು ಎದ್ದಿವೆ.

ನಾವೂ ಬರೆಯುವವರೇ, ಸುಳ್ಳಲ್ಲ. ಬಸ್ಸಿನ ಸೀಟಿನ ಬೆನ್ನು, ಕೋಟೆಯ ಕಲ್ಲು, ಟಾಕೀಸಿನ ಗೋಡೆ... ಬಾಣ ಚುಚ್ಚಿದ ಹೃದಯ, ಈಚೆಗೊಂದು ಹೆಸರು, ಆಚೆಗೊಂದು ಹೆಸರು. ಹೆಸರಿರುತ್ತೆ, ಮನಸ್ಸಿನ ಮಾತಿರೋದಿಲ್ಲ. ಆ ಗೋಡೆಯಲ್ಲಿ ಮನಸ್ಸಿನ ಮಾತಿದೆ, ಹೆಸರಿಲ್ಲ. ಗಂಡಸು ಅಳಬಾರದು ಅಂತ ಬೆಳೆದ ನಾವು, ಅಳೋ ಕೆಲಸವನ್ನೂ ಪರದೆ ಮೇಲಿನ ಹೀರೋಗೆ ವಹಿಸಿ, ಕತ್ತಲಲ್ಲಿ ಕಣ್ಣೊರೆಸಿಕೊಂಡು ಎದ್ದು ಬರ್ತೀವಿ. ಶಿವಾಲಯದಲ್ಲಿ ಬಸವಣ್ಣನ ಕಿವಿಯಲ್ಲಿ ಹೇಳಿಕೊಳ್ಳುವ ಅಜ್ಜಿಯರೇ ನಮಗಿಂತ ಜಾಣೆಯರು.

ನನ್ನ ಕೈಗೆ ಆ ಸೀಮೆಸುಣ್ಣ ಸಿಕ್ಕಿದ್ದರೆ? ಪಿಯುಸಿ ಬಿಟ್ಟು ಬಂದ ದಿನ ಅಪ್ಪ ಬೈಯಲಿಲ್ಲ. ಮಾತೇ ಆಡಲಿಲ್ಲ. ಅವತ್ತಿಂದ ನಮ್ಮಿಬ್ಬರ ನಡುವೆ ‘ಊಟ ಆಯ್ತಾ’ ಬಿಟ್ಟರೆ ಬೇರೆ ಡೈಲಾಗಿಲ್ಲ. ಸಾಯುವ ಮೊದಲು ನನಗೆ ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಒಂದು ಸಿನಿಮಾ ನೋಡಬೇಕು. ಇಂಟರ್‌ವಲ್ಲಿನಲ್ಲಿ ಕಡಲೆಕಾಯಿ ಪೊಟ್ಟಣ ಅವರ ಕೈಗಿಟ್ಟು, ಆವತ್ತು ಹೇಳದೆ ಉಳಿದದ್ದನ್ನು ಹೇಳಬೇಕು.

ಗೋಡೆಯಾಗಿದ್ದರೆ ಹೆಸರಿಲ್ಲದೆ ಬರೆದು ಬರ್ತಿದ್ದೆ. ಆದರೆ ಈ ಲೇಖನದ ಮೇಲೆ ನನ್ನ ಹೆಸರಿದೆ. ಅಪ್ಪ ಪ್ರತಿವಾರ ಬಸ್‌ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಳ್ಳುತ್ತಾರೆ.